ಮೊದಲು ಅಡುಗೆಮನೆ, ಆಮೇಲೆ ಮಂಚ

ತಮಿಳುನಾಡಿನ ತಾಳವಾಡಿ ಕಡೆಯ ಹಟ್ಟಿಗಳಿಂದ ಸತ್ಯಮಂಗಲಕ್ಕೆ ಇಳಿಯಬೇಕಾದರೆ ಆನೆಕಾಡಿನ ನಡುವಿನ ದಿಂಬಂ ಘಾಟಿಯ 27 ತಿರುವು ದಾಟಬೇಕು. 2022ರಿಂದ ಅಲ್ಲಿ ರಾತ್ರಿ ಸಂಚಾರಕ್ಕೆ ಕಡಿವಾಣವಿದೆ. ಆಂಬುಲೆನ್ಸಿಗೆ ಬಿಡುತ್ತಾರೆ, ಸರಿ. ಆದರೆ ಅದು ಆನೆಗೆ ಗೊತ್ತಿಲ್ಲ ಅಲ್ವಾ? ಅದಕ್ಕೇ ಬಸುರಿಯರಿಗೆ ಹೇಳುತ್ತೇನೆ: ನೋವು ಬರುವ ಮುಂಚೆಯೇ ಬಂದುಬಿಡಿ.

ಬಂದು ಎಲ್ಲಿ ಇರಬೇಕು? ಆಸ್ಪತ್ರೆಯ ಪಕ್ಕದಲ್ಲೇ ಒಂದು ಕಾಯುವ ಮನೆಯಲ್ಲಿ. ಕ್ಯೂಬಾದಲ್ಲಿ 1962ರಲ್ಲೇ ಇದು ಶುರುವಾಯಿತು. ಮಹಾರಾಷ್ಟ್ರದ ಆದಿವಾಸಿ ಪ್ರದೇಶಗಳಲ್ಲಿ ಇದಕ್ಕೆ 'ಮಾಹೇರ್ ಘರ್' ಎನ್ನುತ್ತಾರೆ, ಅಂದರೆ ತವರುಮನೆ. ಹೆಸರಿಟ್ಟವರಿಗೆ ಹೆಂಗಸರ ಮನಸ್ಸು ಗೊತ್ತಿತ್ತು. ಪಕ್ಕದ ಆಸ್ಪತ್ರೆಯಲ್ಲಿ ಸಿಸೇರಿಯನ್ನಿಗೂ ರಕ್ತಕ್ಕೂ ವ್ಯವಸ್ಥೆ ಇರಬೇಕು. ಇಲ್ಲದಿದ್ದರೆ ಅದು ಬರೀ ಛತ್ರ.

ಕಟ್ಟಡ ಎಬ್ಬಿಸುವುದು ಸುಲಭ. ಅಂಥ ಒಂದು ಕಟ್ಟಡ ಕೆಲವೇ ವರ್ಷಗಳಲ್ಲಿ ಮುರಿದ ಮಂಚಗಳ ಉಗ್ರಾಣವಾದದ್ದನ್ನು ನೋಡಿದ್ದೇನೆ. ಬಂದವರು ಎರಡೇ ದಿನಕ್ಕೆ ಎದ್ದು ಹೋಗುತ್ತಿದ್ದರು. "ದನಕ್ಕೆ ಹುಲ್ಲು ಹಾಕೋರು ಯಾರು ಡಾಕ್ಟ್ರಮ್ಮಾ? ದೊಡ್ಡ ಮಗೂಗೆ ಮುದ್ದೆ ಮಾಡೋರು ಯಾರು?" ನಕ್ಷೆ ಬರೆದವರು ಇದನ್ನು ಕೇಳಿರಲೇ ಇಲ್ಲ.

ಆದ್ದರಿಂದ ಮೊದಲ ಸಭೆ ಹಟ್ಟಿಯಲ್ಲೇ ಆಗಲಿ, ಅತ್ತೆಯರನ್ನು ಕೂರಿಸಿಕೊಂಡು. ಹೊಲಕ್ಕೆ ಮುಯ್ಯಾಳು ಕಳಿಸುವ ರೂಢಿ ನಮ್ಮಲ್ಲಿದೆ. ಬಸುರಿಯ ದನಕ್ಕೂ ಅದೇ ಲೆಕ್ಕ ಯಾಕಾಗಬಾರದು? ದೊಡ್ಡ ಮಗು ಅಮ್ಮನ ಜೊತೆಗೇ ಬರಲಿ. ಅಡುಗೆಯನ್ನು ಮಹಿಳಾ ಸಂಘ ನಡೆಸಲಿ, ಬಸುರಿಯರು ಮನೆಯಲ್ಲಿ ತಿನ್ನುವ ಊಟವೇ ಸಿಗಲಿ. ಕೊಯ್ಲಿನಲ್ಲಿ ಮನೆಗೊಂದು ಸೇರು ರಾಗಿ ಕೇಳಬಹುದು. ಆದರೆ ಅಡುಗೆಯವಳ ಸಂಬಳ, ನೀರು, ಕರೆಂಟ್ ಬಿಲ್ಲನ್ನೂ ಊರಿನ ತಲೆಗೆ ಕಟ್ಟಿ ಅದಕ್ಕೆ 'ಜನರ ಸಹಭಾಗಿತ್ವ' ಎನ್ನಬೇಡಿ. ಅದು ಸರ್ಕಾರದ ಖರ್ಚು.

ಇನ್ನು ತಾರೀಖಿನ ತಲೆನೋವು. "ಮಾದಪ್ಪನ ದೀಪಾವಳಿ ಜಾತ್ರೆ ಆದ್ಮೇಲೆ ಮುಟ್ಟಾಗಿಲ್ಲ" ಎನ್ನುತ್ತಾರೆ. ಸುಮ್ನೆ ನಗಬೇಡಿ, ಬರೆದುಕೊಳ್ಳಿ. ಅದು ಒಳ್ಳೆಯ ಲೆಕ್ಕ. ಜೊತೆಗೆ 24 ವಾರದೊಳಗೆ ಒಂದು ಸ್ಕ್ಯಾನ್ ಆಗಲಿ. ಕೊನೆಯ ತಿಂಗಳುಗಳ ಸ್ಕ್ಯಾನ್ ಎರಡು ಮೂರು ವಾರ ಹೆಚ್ಚುಕಮ್ಮಿ ಹೇಳಬಹುದು. ತಾರೀಖು ತಪ್ಪಿದರೆ ಕೆಲವರು ತಿಂಗಳುಗಟ್ಟಲೆ ಕಾದು ಬೇಸತ್ತು ಹೋಗುತ್ತಾರೆ, ಕೆಲವರಿಗೆ ದಾರಿಯಲ್ಲೇ ಹೆರಿಗೆಯಾಗುತ್ತದೆ. ಸಾಮಾನ್ಯವಾಗಿ 38ನೇ ವಾರಕ್ಕೆ ಕರೆಸುತ್ತೇನೆ. ಅವಳಿ ಇದ್ದರೆ, ಹಿಂದೆ ಸಿಸೇರಿಯನ್ ಆಗಿದ್ದರೆ ಇನ್ನೂ ಮುಂಚೆ.

ಹಟ್ಟಿಯ ಸೂಲಗಿತ್ತಿಯನ್ನು ದೂರ ಇಡಬೇಡಿ. ಹೆರಿಗೆಯನ್ನು ನರ್ಸ್ ಮಾಡಿಸಲಿ, ಬೆನ್ನು ಸವರಲು ಆ ಅಜ್ಜಿ ಇರಲಿ. ಅವಳಿಗೂ ಒಂದು ಮಂಚ ಬೇಕು, ನಕ್ಷೆಯಲ್ಲಿ ಈಗಲೇ ಸೇರಿಸಿ.