ನೀರುಗಂಟಿಗೂ ತೂಕಡಿಕೆ

ಆಪರೇಷನ್ ಟೇಬಲ್ ಮೇಲೆ ಬಿಪಿ ಇಳಿದಷ್ಟೂ ಒಳ್ಳೇದು, ರಕ್ತ ಕಮ್ಮಿ ಹೋಗುತ್ತೆ ಅನ್ನುವವರಿದ್ದಾರೆ. ಅರ್ಧ ನಿಜ. 1946ರಲ್ಲಿ ಅಮೆರಿಕದ ಗಾರ್ಡ್ನರ್ ಎಂಬ ಮೆದುಳಿನ ಸರ್ಜನ್ ರೋಗಿಯ ಧಮನಿಯಿಂದಲೇ ರಕ್ತ ತೆಗೆದಿಟ್ಟು ಬಿಪಿ ಇಳಿಸಿದ್ದರು. ಕೊನೆಗೆ ಅದೇ ರಕ್ತವನ್ನು ವಾಪಸ್ ಏರಿಸಿದ್ದರು! ಪುಣ್ಯಕ್ಕೆ ಆಮೇಲೆ ಔಷಧಿಗಳು ಬಂದವು.

ಆದರೆ ಬೇರೆ ಬೇರೆ ಔಷಧಿ ಕೊಟ್ಟು ಬಿಪಿಯನ್ನು ಒಂದೇ ಮಟ್ಟಕ್ಕೆ ಇಳಿಸಿದರೂ ಮೆದುಳಿಗೆ ಹೋಗುವ ರಕ್ತ ಒಂದೇ ಆಗಬೇಕೆಂದಿಲ್ಲ. ಕೆರೆಯ ತೂಬು ಕಾಯುವ ನೀರುಗಂಟಿಯನ್ನು ನೆನೆಯಿರಿ. ಕೆರೆ ತುಂಬಿದಾಗ ತೂಬು ಕಿರಿದು ಮಾಡುತ್ತಾನೆ, ನೀರು ಇಳಿದಾಗ ಅಗಲ ಮಾಡುತ್ತಾನೆ. ಗದ್ದೆಗೆ ಹರಿಯುವ ನೀರು ಮಾತ್ರ ಯಾವಾಗಲೂ ಅಷ್ಟೇ. ಮೆದುಳಿನ ಸಣ್ಣ ರಕ್ತನಾಳಗಳೂ ಹೀಗೇ ಹಿಗ್ಗಿ ಕುಗ್ಗಿ, ನಿಮಿಷಕ್ಕೆ ಸುಮಾರು 750 ಮಿ.ಲೀ. ರಕ್ತ ಹರಿಯುವಂತೆ ನೋಡಿಕೊಳ್ಳುತ್ತವೆ. ಡೆನ್ಮಾರ್ಕಿನ ವೈದ್ಯ ನೀಲ್ಸ್ ಲಾಸೆನ್ 1959ರಲ್ಲಿ ಇದನ್ನು ಗ್ರಾಫಿನ ಒಂದು ಗೆರೆಯಾಗಿ ಬಿಡಿಸಿ ತೋರಿಸಿದರು. ಸರಾಸರಿ ಬಿಪಿ (ಮೇಲಿನ, ಕೆಳಗಿನ ಅಂಕಿಗಳ ನಡುವಿನದು) 50ರಿಂದ 150 ಮಿ.ಮೀ. ಪಾದರಸದವರೆಗೆ ಈ ಹೊಂದಾಣಿಕೆ ನಡೆಯುತ್ತದೆ ಎಂಬುದು ಪುಸ್ತಕದ ಲೆಕ್ಕ. ಮನುಷ್ಯರಲ್ಲಿ ವ್ಯತ್ಯಾಸ ಜಾಸ್ತಿ.

ಬಿಪಿ ಇಳಿಸುವ ನೈಟ್ರೋಪ್ರುಸೈಡ್, ನೈಟ್ರೋಗ್ಲಿಸರಿನ್ ಔಷಧಿಗಳು ಮೈಯ ನಾಳಗಳನ್ನು ಮಾತ್ರ ಸಡಿಲಿಸುವುದಿಲ್ಲ, ಮೆದುಳಿನವನ್ನೂ ಸಡಿಲಿಸುತ್ತವೆ. ತೂಬು ಪೂರ್ತಿ ತೆರೆದ ಮೇಲೆ ನೀರುಗಂಟಿಗೆ ಮಾಡಲು ಏನು ಕೆಲಸ? ಹರಿವು ಕೆರೆಯ ಮಟ್ಟದ ಮರ್ಜಿಗೆ ಬೀಳುತ್ತದೆ. ಇನ್ನೊಂದು ತೊಂದರೆ: ತಲೆಬುರುಡೆ ಬಿರಡೆ ಹಾಕಿದ ಸೀಸೆಯಂತೆ, ಹಿಗ್ಗುವುದಿಲ್ಲ. ನಾಳಗಳು ಉಬ್ಬಿದರೆ ಒಳಗಿನ ಒತ್ತಡ ಏರುತ್ತದೆ. ಮೆದುಳಲ್ಲಿ ಗಡ್ಡೆ ಇರುವವರಿಗೆ ಇದು ಅಪಾಯ. ಬಿಪಿಯನ್ನೇ ಇಳಿಸುವ ಲ್ಯಾಬೆಟಲಾಲ್, ಎಸ್ಮೊಲಾಲ್ ಮಾತ್ರ ನೀರುಗಂಟಿಯ ತಂಟೆಗೆ ಅಷ್ಟಾಗಿ ಹೋಗುವುದಿಲ್ಲ. ಇದರ ಮೇಲೆ ಸೆವೊಫ್ಲುರೇನ್‌ನಂಥ ಅನಸ್ತೇಶಿಯಾ ಅನಿಲ ಜಾಸ್ತಿಯಾದರೆ ನೀರುಗಂಟಿಗೂ ತೂಕಡಿಕೆ! ರಕ್ತನಾಳಕ್ಕೆ ಕೊಡುವ ಅನಸ್ತೇಶಿಯಾ ಔಷಧಿ ಪ್ರೊಪೊಫಾಲ್‌ನಲ್ಲಿ ಅವನು ಎಚ್ಚರವಾಗಿಯೇ ಇರುತ್ತಾನೆ.

ವರ್ಷಗಟ್ಟಲೆ ಬಿಪಿ ಹೆಚ್ಚಿದ್ದು, ಹತೋಟಿಗೆ ಬಾರದವರ ನೀರುಗಂಟಿ ತುಂಬಿದ ಕೆರೆಗೇ ಒಗ್ಗಿರುತ್ತಾನೆ. ಬೇರೆಯವರಿಗೆ ಸಾಕಾಗುವ ಮಟ್ಟ ಇವರಿಗೆ ಬರಗಾಲ. ಭುಜದ ಆಪರೇಷನ್ನಿಗೆ ಕೂರಿಸಿದಾಗಲಂತೂ ತೋಳಿನ ಪಟ್ಟಿಯ ಅಂಕಿಯನ್ನು ಹಾಗೇ ನಂಬುವಂತಿಲ್ಲ. ತಲೆ ಆ ಪಟ್ಟಿಗಿಂತ 20 ಸೆಂ.ಮೀ. ಮೇಲಿದ್ದರೆ ಅಲ್ಲಿನ ಒತ್ತಡ ಸುಮಾರು 15 ಕಮ್ಮಿ.

ಹಿಂದಿನ ದಿನ ಅನಸ್ತೇಶಿಯಾ ಡಾಕ್ಟರು ಬಂದು ಮಾತ್ರೆಗಳ ಹೆಸರು ಕೇಳುವುದು ಇದಕ್ಕೂ ಹೌದು. ಬಿಪಿ ಮಾತ್ರೆಗಳಲ್ಲಿ ರಾಮಿಪ್ರಿಲ್, ಟೆಲ್ಮಿಸಾರ್ಟನ್ ಇದ್ದರೆ ಸಾಮಾನ್ಯವಾಗಿ ಒಂದು ದಿನ ನಿಲ್ಲಿಸಲು ಹೇಳುತ್ತಾರೆ. ಮೆಟೊಪ್ರೊಲಾಲ್ ಇದ್ದರೆ ನಿಲ್ಲಿಸಬೇಡಿ ಅನ್ನುತ್ತಾರೆ. "ಅದೇ, ಆ ಬಿಳಿ ಮಾತ್ರೆ ಡಾಕ್ಟ್ರೇ" ಅಂದರೆ ಅವರೇನು ಮಾಡಬೇಕು ಹೇಳಿ. ಚೀಟಿ ತಗೊಂಡು ಹೋಗಿ.