ಕಾಟಕಾಯಿ ಸಂಗ್ರಾಮವಾದದ್ದು ಹೇಗೆ: 1837ರ ದಂಗೆಯ ಬಗ್ಗೆ ಜನರ ಮಾತು ಬದಲಾದ ಚರಿತ್ರೆ

2022ರ ನವೆಂಬರ್ 19ರಂದು ಮಂಗಳೂರಿನ ಬಾವುಟಗುಡ್ಡೆಯಲ್ಲಿ ಕೆದಂಬಾಡಿ ರಾಮಯ್ಯ ಗೌಡರ ಕಂಚಿನ ಪ್ರತಿಮೆ ಅನಾವರಣಗೊಂಡಿತು. ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರೇ ಬಂದಿದ್ದರು. 1837ರ ಏಪ್ರಿಲಿನಲ್ಲಿ ಇದೇ ಗುಡ್ಡದ ಕಡೆಗೆ ದಂಡು ಕಟ್ಟಿಕೊಂಡು ಬಂದವರ ಮುಂದಾಳುಗಳಲ್ಲಿ ರಾಮಯ್ಯ ಗೌಡರೂ ಒಬ್ಬರು. ಅಂದು ಈಸ್ಟ್ ಇಂಡಿಯಾ ಕಂಪನಿ ಸರ್ಕಾರದ ಕಾಗದಗಳಲ್ಲಿ ಅವರೆಲ್ಲ ದಂಗೆಕೋರರು. ಘಟ್ಟದ ಕೆಳಗಿನ ಹಳ್ಳಿಗಳ ಬಾಯಲ್ಲೂ ಅದಕ್ಕೆ ಗೌರವದ ಹೆಸರೇನೂ ಇರಲಿಲ್ಲ. ‘ಕಲ್ಯಾಣಪ್ಪನ ಕಾಟಕಾಯಿ’ ಎನ್ನುತ್ತಿದ್ದರು. ಕಾಟಕಾಯಿ ಎಂದರೆ ಕೊಳ್ಳೆ, ಲೂಟಿ. ಇವತ್ತು ಅದೇ ಘಟನೆಗೆ ‘ಅಮರ ಸುಳ್ಯ ಸ್ವಾತಂತ್ರ್ಯ ಸಂಗ್ರಾಮ’ ಎಂದು ಹೆಸರು.

ಕಾಲ ಕಳೆದಂತೆ ಸತ್ಯ ತಾನೇ ಹೊರಬರುತ್ತದೆ ಎಂದು ನಂಬುವವರು ಈ ಬದಲಾವಣೆಯನ್ನು ಉದಾಹರಣೆಯಾಗಿ ಕೊಡುತ್ತಾರೆ. ಆದರೆ 1942ರ ಈಸೂರಿನ ದಂಗೆಗೆ ಐದೇ ವರ್ಷದಲ್ಲಿ ಮರ್ಯಾದೆ ಸಿಕ್ಕಿತು, ಸುಳ್ಯಕ್ಕೆ ನೂರು ವರ್ಷಕ್ಕೂ ಹೆಚ್ಚು ಬೇಕಾಯಿತು, ಮೈಸೂರು ಸಂಸ್ಥಾನದ ನಗರ ಎಂಬ ಸೀಮೆಯಲ್ಲಿ 1830–31ರಲ್ಲಿ ನಡೆದ ರೈತರ ದಂಗೆ ಇನ್ನೂ ಕಾಯುತ್ತಿದೆ. ಕಾಲವೊಂದೇ ಕಾರಣವಾಗಿದ್ದರೆ ಲೆಕ್ಕ ಹೀಗೆ ಏರುಪೇರಾಗುತ್ತಿರಲಿಲ್ಲ.

ಮೊದಲು ಸುಳ್ಯದಲ್ಲಿ ಆದದ್ದನ್ನು ನೋಡೋಣ. 1834ರ ಏಪ್ರಿಲಿನಲ್ಲಿ ಕಂಪನಿ ಸೈನ್ಯ ಮಡಿಕೇರಿ ಹೊಕ್ಕು ಹಾಲೇರಿ ವಂಶದ ಕೊನೆಯ ಅರಸ ಚಿಕ್ಕವೀರರಾಜೇಂದ್ರನನ್ನು ಇಳಿಸಿತು. ಅಲ್ಲಿಯವರೆಗೆ ಕೊಡಗಿನ ಅರಸರ ಕೈಯಲ್ಲಿದ್ದ ಅಮರ ಸುಳ್ಯ, ಪುತ್ತೂರು ಸೀಮೆಯ ಮಾಗಣೆಗಳನ್ನು, ಅಂದರೆ ಹಳ್ಳಿಗಳ ಗುಂಪುಗಳನ್ನು, ಕೊಡಗಿನಿಂದ ಕಳಚಿ, ಮದರಾಸು ಆಡಳಿತದ ಕರಾವಳಿಯ ಕೆನರಾ ಜಿಲ್ಲೆಗೆ ಸೇರಿಸಲಾಯಿತು. ನಕಾಶೆಯಲ್ಲಿ ಒಂದು ಗೆರೆ ಸರಿದದ್ದಷ್ಟೇ. ರೈತನ ಮಟ್ಟಿಗೆ ಮಾತ್ರ ಅದು ದೊಡ್ಡ ಪೆಟ್ಟು. ಅರಸರಿಗೆ ಕಂದಾಯವನ್ನು ಧಾನ್ಯದಲ್ಲಿ ಅಳೆದು ಕೊಟ್ಟರೆ ಸಾಕಿತ್ತು. ಕೆನರಾದ ಪದ್ಧತಿಯಲ್ಲಿ ನಾಣ್ಯವನ್ನೇ ಎಣಿಸಬೇಕು.

ಧಾನ್ಯದಲ್ಲಿ ಕೊಡುವಾಗ ಭತ್ತದ ಬೆಲೆ ಬಿದ್ದರೆ ನಷ್ಟ ಅರಮನೆಯ ಉಗ್ರಾಣದ್ದು. ನಾಣ್ಯದಲ್ಲಿ ಕೊಡುವಾಗ ಅದೇ ನಷ್ಟ ರೈತನ ತಲೆಗೆ. ಕಂತಿನ ಗಡುವು ಊರಿಗೆಲ್ಲ ಒಂದೇ ಆದ್ದರಿಂದ ಎಲ್ಲರೂ ಒಟ್ಟಿಗೇ ಮಾರಲು ಹೊರಡುತ್ತಾರೆ, ಬೆಲೆ ಇನ್ನೂ ಇಳಿಯುತ್ತದೆ. ಮಾರಿದ ಹಣ ಕಂತಿಗೆ ಸಾಲದಿದ್ದರೆ ಸಾಹುಕಾರನ ಮನೆ. ಘಟ್ಟದ ತಪ್ಪಲಿನ ಊರುಗಳಲ್ಲಿ ನಾಣ್ಯದ ಓಡಾಟವೇ ಕಡಿಮೆ, ಸಂತೆ ದೂರ, ದಾರಿ ಕಾಡಿನದು. ಇದರ ಮೇಲೆ ಉಪ್ಪು ಮತ್ತು ಹೊಗೆಸೊಪ್ಪಿನ ವ್ಯಾಪಾರ ಕಂಪನಿಯ ಹಿಡಿತದಲ್ಲಿತ್ತು. ಹಳ್ಳಿಯವನು ಕಾಸು ಕೊಟ್ಟು ಕೊಳ್ಳಲೇಬೇಕಾದ ಸರಕೆಂದರೆ ಅವೆರಡೇ.

ಈ ಸಂಕಟಕ್ಕೆ ಒಬ್ಬ ನಾಯಕ ಸಿಕ್ಕಿದ್ದು ಹಾಲೇರಿ ವಂಶದ ಹೆಸರಿನಲ್ಲಿ. ಆ ವಂಶದವನೆಂದು ಹೇಳಿಕೊಂಡ ಕಲ್ಯಾಣಸ್ವಾಮಿ, ಜನರ ಬಾಯಲ್ಲಿ ಕಲ್ಯಾಣಪ್ಪ, ಅಷ್ಟರಲ್ಲಾಗಲೇ ಸೆರೆಯಾಗಿದ್ದ. ಅವನ ಹೆಸರನ್ನು ಹೊತ್ತು ಮುಂದೆ ಬಂದವನು ಪುಟ್ಟಬಸಪ್ಪ. ಅವನ ಹಿಂದೆ ರಾಮಯ್ಯ ಗೌಡ, ಸುಬೇದಾರ್ ಗುಡ್ಡೆಮನೆ ಅಪ್ಪಯ್ಯ ಗೌಡ, ಕುಜುಗೋಡು ಮನೆತನದವರು, ಹುಲಿಕಡಿದ ನಂಜಯ್ಯ, ನಂದಾವರದ ಲಕ್ಷ್ಮಪ್ಪ ಬಂಗರಸ, ಕಾಡಿನ ಕುಡಿಯ ಬುಡಕಟ್ಟಿನವರು ಎಲ್ಲ ಸೇರಿದರು. ಕಂದಾಯ ಮನ್ನಾ, ಉಪ್ಪು ಮತ್ತು ಹೊಗೆಸೊಪ್ಪಿನ ಸುಂಕ ರದ್ದು ಎಂದು ಅರಸನ ಹೆಸರಿನಲ್ಲಿ ನಿರೂಪಗಳು, ಅಂದರೆ ಆಜ್ಞಾಪತ್ರಗಳು, ಹೊರಟವು. 1837ರ ಮಾರ್ಚ್ ಕೊನೆಯಲ್ಲಿ ಸುಳ್ಯದ ಹತ್ತಿರದ ಅಡ್ಕಾರಿನಲ್ಲಿ ಕಂಪನಿಯ ಪರವಾಗಿದ್ದ ಅಟ್ಲೂರು ರಾಮಪ್ಪಯ್ಯನ ಕೊಲೆಯಾಯಿತು. ಬೆಳ್ಳಾರೆಯ ಖಜಾನೆ ಕೈವಶವಾಯಿತು. ಪುತ್ತೂರಿನವರೆಗೆ ಬಂದಿದ್ದ ಕಲೆಕ್ಟರ್ ಲೆವಿನ್ ಮಂಗಳೂರಿಗೆ ಹಿಂದಿರುಗಬೇಕಾಯಿತು. ಏಪ್ರಿಲ್ 5ರಂದು ದಂಡು ಮಂಗಳೂರು ಹೊಕ್ಕಿತು. ಜೈಲಿನ ಬಾಗಿಲು ತೆರೆಯಿತು, ಕಚೇರಿಗೆ ಬೆಂಕಿ ಬಿತ್ತು. ಹದಿಮೂರು ದಿನ ಊರು ಅವರ ಕೈಯಲ್ಲಿತ್ತು ಎಂಬುದು ಸ್ಥಳೀಯರು ಹೇಳುತ್ತ ಬಂದ ಲೆಕ್ಕ. ಹೊರಗಿನಿಂದ ಕಂಪನಿಯ ಪಡೆ ಬಂದಿಳಿದ ಮೇಲೆ ದಂಡು ಚದುರಿತು. ಪುಟ್ಟಬಸಪ್ಪ, ಬಂಗರಸ ಮೊದಲಾದವರನ್ನು ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಿದರು. ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಅಕ್ಟೋಬರ್ 31ರಂದು ಮಡಿಕೇರಿ ಕೋಟೆಯಲ್ಲಿ ನೇಣಿಗೆ ಹಾಕಿದರು.

ದಂಗೆಯ ಮೊದಲ ಚಿತ್ರ ಯಾರ ಕೈಯಲ್ಲಿ ಮೂಡಿತು ಎಂಬುದು ಮುಂದಿನ ನೂರು ವರ್ಷದ ಅಭಿಪ್ರಾಯವನ್ನು ತೀರ್ಮಾನಿಸಿಬಿಡುತ್ತದೆ. 1837ರಲ್ಲಿ ಕನ್ನಡದಲ್ಲಿ ಒಂದೇ ಒಂದು ಪತ್ರಿಕೆಯೂ ಇರಲಿಲ್ಲ. ‘ಮಂಗಳೂರ ಸಮಾಚಾರ’ ಹೊರಟದ್ದು 1843ರಲ್ಲಿ, ಅದೇ ಮಂಗಳೂರಿನಲ್ಲಿ, ಆರು ವರ್ಷ ತಡವಾಗಿ. ಹಾಗಾಗಿ ಉಳಿದ ಬರಹವೆಂದರೆ ಕಲೆಕ್ಟರನ ಪತ್ರವ್ಯವಹಾರ, ಸೇನೆಯ ವರದಿ ಮತ್ತು ವಿಚಾರಣೆಯ ಕಾಗದ. ಮಂಗಳೂರ ಸಮಾಚಾರ ಹೊರಡಿಸಿದ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 1855ರಲ್ಲಿ ಕೊಡಗಿನ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದಾಗ, 1870ರಲ್ಲಿ ರಿಕ್ಟರ್ ಕೊಡಗಿನ ಕೈಪಿಡಿ ಸಿದ್ಧಪಡಿಸಿದಾಗ, ಕಥೆಯ ಚೌಕಟ್ಟು ಹೆಚ್ಚುಕಡಿಮೆ ಇದೇ: ಒಬ್ಬ ವೇಷಧಾರಿ, ಅವನನ್ನು ನಂಬಿದ ಹಳ್ಳಿಗರು, ಕಂಪನಿಗೆ ನಿಷ್ಠರಾಗಿ ನಿಂತ ಕೊಡಗಿನ ದಿವಾನರು. ನಿಷ್ಠೆಗೆ ಬಹುಮಾನವೂ ಬಂತು. ಕೊಡಗಿನವರಿಗೆಂದು ಬಂಗಾರ ಮತ್ತು ಬೆಳ್ಳಿಯ ಪದಕಗಳನ್ನು ಕಂಪನಿ ಟಂಕಿಸಿತು. ಪದಕ ಮನೆಯಲ್ಲಿ ಉಳಿಯುತ್ತದೆ, ಮೊಮ್ಮಕ್ಕಳಿಗೆ ತೋರಿಸಬಹುದು. ನೇಣಿಗೆ ಹೋದವರ ಮನೆಯಲ್ಲಿ ತೋರಿಸಲು ಏನಿತ್ತು?

ಇನ್ನು ‘ಕಾಟಕಾಯಿ’ ಎಂಬ ಹೆಸರನ್ನು ಬ್ರಿಟಿಷರು ಹೇಳಿಕೊಟ್ಟರು ಎಂದು ತಳ್ಳಿಹಾಕುವುದು ಸುಲಭ, ಆದರೆ ಸರಿಯಲ್ಲ. ಸಂಬಳವೂ ಉಗ್ರಾಣವೂ ಇಲ್ಲದ ದಂಡು ಸುಳ್ಯದಿಂದ ಮಂಗಳೂರಿಗೆ ನಡೆಯಬೇಕಾದರೆ ದಾರಿಯ ಮನೆಗಳ ಅಕ್ಕಿಯನ್ನೇ ಉಣ್ಣಬೇಕು. ಕೊಟ್ಟವರು ಕೊಟ್ಟರು, ಕೊಡದವರಿಂದ ಕಿತ್ತುಕೊಳ್ಳುವುದು ಇಂಥ ಎಲ್ಲ ದಂಡುಗಳ ರೂಢಿ. ಜೈಲು ತೆರೆದಾಗ ಹೊರಬಂದವರೆಲ್ಲ ಕಂದಾಯದ ಬಾಕಿಗೆ ಸಿಕ್ಕಿಬಿದ್ದ ರೈತರಾಗಿರಲಾರರು. ಕಣ್ಣೆದುರು ಕಣಜ ಬರಿದಾದದ್ದನ್ನು ಕಂಡವರು ಅದನ್ನು ಲೂಟಿ ಎಂದೇ ಕರೆಯುತ್ತಾರೆ. ಆ ತಲೆಮಾರಿನ ಅನುಭವವೂ ಆ ಹೆಸರಿನಲ್ಲಿದೆ. ಎರಡನೆಯ, ಮೂರನೆಯ ತಲೆಮಾರಿಗೆ ಅನುಭವ ಹೋಗಿ ಹೆಸರು ಮಾತ್ರ ಉಳಿಯಿತು. ದಂಗೆಯ ಕಾರಣ, ಅಂದರೆ ನಾಣ್ಯದ ಕಂದಾಯ, ಎಲ್ಲರಿಗೂ ರೂಢಿಯಾಗಿ ಹೋಗಿದ್ದರಿಂದ ಅದನ್ನು ನೆನಪಿಡುವ ಅಗತ್ಯ ಯಾರಿಗೂ ಕಾಣಲಿಲ್ಲ.

ಘಟ್ಟದ ಮೇಲೆ ಏಳು ವರ್ಷ ಮೊದಲು ನಡೆದ ನಗರದ ದಂಗೆಯಲ್ಲಿ ಅಭಿಪ್ರಾಯ ಬೇರೆ ಹಾದಿ ಹಿಡಿಯಿತು. 1830–31ರಲ್ಲಿ ಮೈಸೂರು ಸಂಸ್ಥಾನದ ನಗರ ಫೌಜುದಾರಿಯ, ಅಂದರೆ ನಗರ ಎಂಬ ಆಡಳಿತ ವಿಭಾಗದ, ರೈತರು ‘ಕೂಟ’ ಸೇರಿ ಕಂದಾಯ ನಿಲ್ಲಿಸಿದರು. ಕೂಟ ಎಂಬುದು ರೈತರದೇ ಪದ. ಇಲ್ಲಿಯೂ ಹಳೆಯ ಅರಸು ಮನೆತನದ ಹೆಸರು ಬೇಕಾಯಿತು, ಕೆಳದಿ ವಂಶದವನೆಂದು ಹೇಳಿಕೊಂಡ ಬೂದಿ ಬಸವಪ್ಪ ಮುಂದೆ ಬಂದ. ದಂಗೆಯನ್ನೇ ನೆಪವಾಗಿಟ್ಟುಕೊಂಡು ಗವರ್ನರ್ ಜನರಲ್ ಬೆಂಟಿಂಕ್ 1831ರ ಅಕ್ಟೋಬರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ಕಿತ್ತುಕೊಂಡ. ಆಮೇಲೆ ಹಾಕರ್, ಮಾರಿಸನ್, ಮ್ಯಾಕ್ಲಿಯಡ್, ಕಬ್ಬನ್ ಎಂಬ ನಾಲ್ವರ ಸಮಿತಿ ಕಾರಣ ಹುಡುಕಿ 1833ರ ಡಿಸೆಂಬರಿನಲ್ಲಿ ವರದಿ ಕೊಟ್ಟಿತು. ಅದರಲ್ಲಿ ಎದ್ದು ಕಂಡದ್ದು ‘ಶರತ್ತು’ ಪದ್ಧತಿ. ಇಷ್ಟು ಹಣ ತುಂಬುತ್ತೇನೆಂದು ತಾಲ್ಲೂಕಿನ ಕಂದಾಯ ಅಧಿಕಾರಿಯಾದ ಅಮಲ್ದಾರ ಮುಚ್ಚಳಿಕೆ ಬರೆದುಕೊಡುವುದು, ಕಡಿಮೆ ಬಿದ್ದರೆ ಅವನೇ ತುಂಬಬೇಕಾದ್ದರಿಂದ ರೈತನನ್ನು ಹಿಂಡುವುದು. ವರದಿ ಓದಿದ ಬೆಂಟಿಂಕ್‌ಗೇ ತಾನು ಮಾಡಿದ್ದರಲ್ಲಿ ಅನುಮಾನ ಹುಟ್ಟಿತು. ಒಂದು ಭಾಗವನ್ನು ಇಟ್ಟುಕೊಂಡು ಉಳಿದ ರಾಜ್ಯವನ್ನು ಅರಸರಿಗೆ ಹಿಂದಿರುಗಿಸುವ ಸಲಹೆಯನ್ನು ಲಂಡನ್ನಿಗೆ ಕಳಿಸಿದ. ಅಲ್ಲಿ ಒಪ್ಪಲಿಲ್ಲ. ರಾಜ್ಯ ಅರಸುಮನೆತನಕ್ಕೆ ಮರಳಿದ್ದು 1881ರಲ್ಲಿ.

ಅಂದರೆ ದಂಗೆಗೆ ಕಾರಣವಿತ್ತು ಎಂದು ಅಧಿಕಾರದಲ್ಲಿದ್ದವರೇ ಎರಡು ವರ್ಷದಲ್ಲಿ ಬರೆದಿಟ್ಟರು. ಆದರೂ ನಗರದ ರೈತ ಜನರ ನೆನಪಿನಲ್ಲಿ ಗೆಲ್ಲಲಿಲ್ಲ. ಬ್ರಿಟಿಷರಿಗೆ ಅದು ಅರಸರ ದುರಾಡಳಿತದ ಸಾಕ್ಷಿಯಾಗಿ ಬೇಕಿತ್ತು. ಅರಸರ ಅಭಿಮಾನಿಗಳಿಗೆ ಅದೇ ಕಾರಣಕ್ಕೆ ಕಹಿಯಾಗಿತ್ತು. ಮುಂದೆ ರಾಷ್ಟ್ರೀಯ ಹೋರಾಟದ ಕಥೆ ಬರೆಯುವವರಿಗೆ ಎದುರಾಳಿ ನೇರವಾಗಿ ಬ್ರಿಟಿಷನಾಗಿರಲಿಲ್ಲ ಎಂಬ ತೊಡಕು. ಮೂರು ಕಡೆಯವರಿಗೂ ಪೂರ್ತಿ ಒಗ್ಗದ ದಂಗೆಗೆ ಪ್ರತಿಮೆ ನಿಲ್ಲಿಸುವವರು ಸಿಗುವುದಿಲ್ಲ.

ಈಸೂರು ಇದಕ್ಕೆ ತದ್ವಿರುದ್ಧ. ಶಿಕಾರಿಪುರ ತಾಲ್ಲೂಕಿನ ಈ ಹಳ್ಳಿ 1942ರ ಸೆಪ್ಟೆಂಬರಿನಲ್ಲಿ ತಾನು ಸ್ವತಂತ್ರ ಎಂದು ಸಾರಿಕೊಂಡಿತು. ‘ಏಸೂರು ಕೊಟ್ಟರೂ ಈಸೂರು ಕೊಡೆವು’ ಎಂಬ ಘೋಷಣೆ ಕನ್ನಡಿಗರಿಗೆಲ್ಲ ಗೊತ್ತು. ಸೆಪ್ಟೆಂಬರ್ 28ರಂದು ನಡೆದ ಘರ್ಷಣೆಯಲ್ಲಿ ಅಮಲ್ದಾರ್ ಚನ್ನಕೃಷ್ಣಪ್ಪ ಮತ್ತು ಪೊಲೀಸ್ ಅಧಿಕಾರಿ ಕೆಂಚೇಗೌಡ ಸತ್ತರು. ಆಮೇಲೆ ಸೈನ್ಯ ನುಗ್ಗಿತು, ಜನ ಕಾಡು ಸೇರಿದರು, 1943ರ ಮಾರ್ಚಿನಲ್ಲಿ ಐವರಿಗೆ ಗಲ್ಲಾಯಿತು. ನಾಲ್ಕೂವರೆ ವರ್ಷದಲ್ಲಿ ದೇಶಕ್ಕೆ ಸ್ವಾತಂತ್ರ್ಯ ಬಂತು. ಜೈಲಿಗೆ ಹೋಗಿ ಬಂದವರು ಬದುಕಿದ್ದರು, ತಾವೇ ಬಾಯಿ ಬಿಟ್ಟು ಹೇಳಬಲ್ಲವರಾಗಿದ್ದರು, ಕೇಳಲು ಪತ್ರಿಕೆಗಳಿದ್ದವು, ಹೊಸ ಸರ್ಕಾರ ಅವರದೇ ಪಕ್ಷದ್ದು. ಅಭಿಪ್ರಾಯ ತಿರುಗಲು ಇದಕ್ಕಿಂತ ಅನುಕೂಲ ಇರಲಾರದು. ಸುಳ್ಯದಲ್ಲಿ ದಂಗೆಗೂ ಸ್ವಾತಂತ್ರ್ಯಕ್ಕೂ ನಡುವೆ 110 ವರ್ಷ, ಅಂದರೆ ಕಡಿಮೆಯೆಂದರೂ ನಾಲ್ಕು ತಲೆಮಾರು.

ಸುಳ್ಯಕ್ಕೆ ಇನ್ನೊಂದು ಅಡ್ಡಿಯೂ ಇತ್ತು. ದಂಗೆ ಹುಟ್ಟಿದ್ದು ಕೊಡಗಿನ ರಾಜಕಾರಣದಲ್ಲಿ, ಉರಿದದ್ದು ಕೆನರಾದಲ್ಲಿ. ಕೊಡಗು ಬೆಂಗಳೂರಿನ ಕಮಿಷನರನ ಕೆಳಗೆ, ಕೆನರಾ ಮದರಾಸಿನ ಕೆಳಗೆ. ಕಾಗದಗಳೂ ಎರಡು ಹೋಳಾದವು. ಒಂದು ಕಡೆಯದನ್ನಷ್ಟೇ ಓದಿದವರಿಗೆ ಅದು ಕೊಡಗಿನ ಸಿಂಹಾಸನದ ಜಗಳವಾಗಿ ಕಂಡಿತು, ಇನ್ನೊಂದು ಕಡೆಯದನ್ನು ಓದಿದವರಿಗೆ ಕಂದಾಯದ ಗಲಾಟೆಯಾಗಿ. 1956ರಲ್ಲಿ ಎರಡೂ ಒಂದೇ ರಾಜ್ಯಕ್ಕೆ ಸೇರಿದ ಮೇಲಷ್ಟೇ ಇದನ್ನು ಒಂದೇ ಕಥೆಯಾಗಿ ನೋಡುವುದು ಸಲೀಸಾಯಿತು. ಮರುವರ್ಷವೇ 1857ರ ಶತಮಾನೋತ್ಸವ. ‘ಸಿಪಾಯಿ ದಂಗೆ’ ‘ಸ್ವಾತಂತ್ರ್ಯ ಸಂಗ್ರಾಮ’ವಾದದ್ದನ್ನು ಕಂಡ ಊರುಗಳು ತಮ್ಮ ದಂಗೆಗಳಿಗೂ ಅದೇ ಹೆಸರು ಕೇಳಿದ್ದು ಸಹಜ. ಸುಬ್ರಹ್ಮಣ್ಯದ ಹತ್ತಿರದ ಕುಳ್ಕುಂದದ ನಿರಂಜನರು ಕಲ್ಯಾಣಸ್ವಾಮಿಯ ಮೇಲೆ ಕಾದಂಬರಿಯನ್ನೇ ಬರೆದರು. ಸುಳ್ಯ ಮತ್ತು ಮಡಿಕೇರಿಯ ಅರೆಭಾಷೆ ಗೌಡ ಸಮುದಾಯದವರು ಗಲ್ಲಿಗೆ ಹೋದವರ ಮನೆ ಹೆಸರುಗಳನ್ನು ಕೈಬಿಡದೆ ಹಿಡಿದುಕೊಂಡಿದ್ದರು. ಸ್ಮರಣೆಯ ಕೆಲಸ ಕೊನೆಗೂ ನಡೆಯುವುದು ಇಂಥ ಮನೆಗಳಿಂದಲೇ. ನಗರದ ಕೂಟದವರಿಗೆ ಹೀಗೆ ಹೆಸರು ಹಿಡಿದು ನಿಂತ ಒಂದು ಸಮುದಾಯವಿರಲಿಲ್ಲ.

ಹೆಸರು ಬದಲಾಗುವಾಗ ಕೆಡುವುದೂ ಉಂಟು. ‘1857ಕ್ಕಿಂತ 20 ವರ್ಷ ಮೊದಲೇ, ದೇಶದ ಮೊತ್ತಮೊದಲ ಸಂಗ್ರಾಮ’ ಎಂಬ ವಾದ ಅದರಲ್ಲೊಂದು. ಕಿತ್ತೂರಿನ ಚೆನ್ನಮ್ಮ ಕಂಪನಿಯನ್ನು ಎದುರಿಸಿದ್ದು 1824ರಲ್ಲಿ, ಸಂಗೊಳ್ಳಿ ರಾಯಣ್ಣ ನಂದಗಡದಲ್ಲಿ ಗಲ್ಲಿಗೇರಿದ್ದು 1831ರಲ್ಲಿ. ಮೊದಲಿಗರಾಗುವ ಪೈಪೋಟಿಯಲ್ಲಿ ಸುಳ್ಯಕ್ಕೆ ಗೆಲುವಿಲ್ಲ, ಅದರ ಅಗತ್ಯವೂ ಇಲ್ಲ. ಎರಡನೆಯದು, ಪುಟ್ಟಬಸಪ್ಪ ಬೇರೊಬ್ಬನ ಹೆಸರು ಹೊತ್ತದ್ದನ್ನು ಮುಚ್ಚಿಡುವುದು. ಅದನ್ನು ಮುಚ್ಚಿಟ್ಟರೆ ದಂಗೆ ಕಟ್ಟಿದ ಬಗೆಯೇ ಅರ್ಥವಾಗುವುದಿಲ್ಲ. ಕಂದಾಯ ಮನ್ನಾ ಮಾಡುವ ಅಧಿಕಾರ ಅರಸನಿಗೆ ಮಾತ್ರ ಇದ್ದ ಕಾಲದಲ್ಲಿ, ಅರಸನ ಹೆಸರಿಲ್ಲದೆ ಹೊರಟ ನಿರೂಪಕ್ಕೆ ಬೆಲೆಯಿರಲಿಲ್ಲ. ನಗರದಲ್ಲೂ ಸುಳ್ಯದಲ್ಲೂ ರೈತರು ಹಳೆಯ ವಂಶದ ಹೆಸರು ಹಿಡಿದದ್ದು ಮೋಸ ಹೋಗಿ ಮಾತ್ರವಲ್ಲ, ಲೆಕ್ಕ ಹಾಕಿಯೂ ಇರಬೇಕು.

ಹಳೆಯ ಕಾಗದ ಓದುವವರು ಮೊದಲು ತಾರೀಖು ನೋಡಬೇಕು, ಆಮೇಲೆ ಯಾರು ಯಾರಿಗೆ ಬರೆದದ್ದು ಎಂದು. ಊರು ಕೈತಪ್ಪಿದ್ದಕ್ಕೆ ಮೇಲಿನವರಿಗೆ ಸಮಜಾಯಿಷಿ ಕೊಡಬೇಕಾದ ಅಧಿಕಾರಿ ದಂಡಿನ ಸಂಖ್ಯೆಯನ್ನು ಹಿಗ್ಗಿಸಿ ಬರೆಯುತ್ತಾನೆ. ದಂಗೆ ಅಡಗಿಸಿದ ಮೇಲೆ ಬರೆದ ಪತ್ರದಲ್ಲಿ ಅದೇ ದಂಡು ಪುಂಡರ ಗುಂಪಾಗಿ ಕುಗ್ಗುತ್ತದೆ. ಆರೋಪಿಯ ಹೇಳಿಕೆ ಸಿಕ್ಕಿದರೆ, ಅದು ಪ್ರಾಣ ಉಳಿಸಿಕೊಳ್ಳಲು ಹೇಳಿದ್ದು, ಬೇರೆಯವನು ಇಂಗ್ಲಿಷಿಗೆ ತಿರುಗಿಸಿದ್ದು ಎಂಬುದನ್ನು ಮರೆಯಬಾರದು. ಕಂದಾಯದ ಲೆಕ್ಕ ಮಾತ್ರ ಹೆಚ್ಚು ಸುಳ್ಳಾಡುವುದಿಲ್ಲ. ಒಂದು ಮಾಗಣೆಯ ಬೇಡಿಕೆ, ವಸೂಲಿ, ಬಾಕಿ ಮೂರನ್ನೂ ದಂಗೆಗೆ ಮೊದಲಿನ ಮೂರು ವರ್ಷಕ್ಕೆ ಪಕ್ಕಪಕ್ಕ ಇಟ್ಟರೆ, ಅಲ್ಲಿ ಅರಸನ ಮೇಲಿನ ಪ್ರೀತಿ ಎಷ್ಟು ಕೆಲಸ ಮಾಡಿತು, ಕಂತು ಎಷ್ಟು ಕೆಲಸ ಮಾಡಿತು ಎಂಬ ಅಂದಾಜು ಸಿಗುತ್ತದೆ.

ಈಸೂರಿನ ಕಥೆ ಹೇಳುವಾಗ ಐವರು ಹುತಾತ್ಮರ ಹೆಸರು ಹೇಳುತ್ತೇವೆ, ಅದು ಆಗಲೇಬೇಕಾದ್ದು. ಸರ್ಕಾರಿ ಕೆಲಸದ ಮೇಲೆ ಬಂದು ಸತ್ತ ಇಬ್ಬರು ಕನ್ನಡಿಗ ಅಧಿಕಾರಿಗಳ ಹೆಸರು ಎಷ್ಟು ಜನರ ನೆನಪಿನಲ್ಲಿದೆ? ಕಾಟಕಾಯಿ ಎಂಬ ಪದದೊಳಗೆ, ಅದು ಎಷ್ಟೇ ಅವಮಾನದ ಪದವಾಗಿದ್ದರೂ, ಅಕ್ಕಿ ಕಳೆದುಕೊಂಡ ಮನೆಗೆ ಒಂದು ಜಾಗವಿತ್ತು. ಸಂಗ್ರಾಮ ಎಂಬ ಪದದಲ್ಲಿ ಆ ಜಾಗವನ್ನು ಇನ್ನೂ ಯಾರೂ ಮಾಡಿಕೊಟ್ಟಿಲ್ಲ. ಅಡ್ಕಾರು ಈಗ ಮಾಣಿ–ಮೈಸೂರು ಹೆದ್ದಾರಿಯ ಬದಿಯ ಊರು. ಮಂಗಳೂರಿನಿಂದ ಮಡಿಕೇರಿಗೆ ಹೋಗುವ ಬಸ್ಸುಗಳೆಲ್ಲ ರಾಮಪ್ಪಯ್ಯ ಸತ್ತ ಆ ಊರನ್ನು ದಾಟಿಯೇ ಹೋಗುತ್ತವೆ.