ಐಸಿಯುನಲ್ಲಿ ಶುಗರ್ 160 ಇದ್ರೂ ಡಾಕ್ಟರು ಯಾಕೆ ಸುಮ್ನಿರ್ತಾರೆ?

ಐಸಿಯು ಬಾಗಿಲಲ್ಲಿ ಕಾಯ್ತಿರೋ ಮನೆಯವರು "ಸಿಸ್ಟರ್, ಶುಗರ್ ಎಷ್ಟಿದೆ" ಅಂತ ಕೇಳ್ದೆ ಇರಲ್ಲ. 168 ಅಂದ್ರೆ ಮುಖ ಸಪ್ಪಗಾಗುತ್ತೆ, ಮನೇಲಿ ಬರೀ ಮಾತ್ರೇಲೇ 120 ಇರ್ತಿತ್ತು, ಇಲ್ಲಿ ಹಗಲೂ ರಾತ್ರಿ ಡ್ರಿಪ್ಪಲ್ಲಿ ಇನ್ಸುಲಿನ್ ಹೋಗ್ತಿದೆ, ಆದ್ರೂ ಇಷ್ಟಾ ಅಂತ. ನಿಜ ಏನಂದ್ರೆ ಅದನ್ನ ಬೇಕಂತ್ಲೇ ಅಲ್ಲಿ ನಿಲ್ಲಿಸಿರ್ತಾರೆ.

ದೊಡ್ಡ ಇನ್ಫೆಕ್ಷನ್ನೋ ಆಪರೇಷನ್ನೋ ಆದಾಗ ಮೈ ಕಾರ್ಟಿಸಾಲ್, ಅಡ್ರಿನಲಿನ್ ಥರದ ಹಾರ್ಮೋನ್ ಎಲ್ಲ ಸುರಿಸುತ್ತೆ, ಲಿವರ್ ಗ್ಲೂಕೋಸ್ ಮಾಡಿ ರಕ್ತಕ್ಕೆ ಬಿಡ್ತಾನೇ ಇರುತ್ತೆ, ಇನ್ಸುಲಿನ್ ಮಾತು ಯಾರೂ ಕೇಳಲ್ಲ. ಜೊತೆಗೆ ಸ್ಟೀರಾಯ್ಡ್ ಕೊಟ್ಟಿದ್ರಂತೂ ಮುಗೀತು. ಶುಗರ್ ಕಾಯಿಲೆ ಇಲ್ದೇ ಇರೋರಿಗೂ ಹೀಗೆ ಏರುತ್ತೆ.

ಸರಿ, ಡ್ರಿಪ್ಪೇ ಯಾಕೆ, ಇನ್ಸುಲಿನ್ ಚರ್ಮದ ಕೆಳಗೆ ಚುಚ್ಚಿದ್ರೆ ಆಗಲ್ವಾ? ಬಿಪಿ ಬಿದ್ದಿರೋ ಪೇಷೆಂಟ್‌ಗೆ ಚರ್ಮಕ್ಕೆ ರಕ್ತ ಓಡಾಡೋದೇ ಕಮ್ಮಿ, ಚುಚ್ಚಿದ್ದು ಯಾವಾಗ ಎಷ್ಟು ಒಳಗೆ ಹೋಗುತ್ತೆ ಹೇಳಕ್ಕಾಗಲ್ಲ. ರೆಗ್ಯುಲರ್ ಇನ್ಸುಲಿನ್ ಚರ್ಮದ ಕೆಳಗೆ ಕೊಟ್ರೆ ಶುರುವಾಗೋಕೇ ಅರ್ಧ ಗಂಟೆ ಬೇಕು, ಆಮೇಲೆ ಆರೇಳು ಗಂಟೆ ಬಿಡಲ್ಲ. ಅದೇ ಇನ್ಸುಲಿನ್ ರಕ್ತನಾಳಕ್ಕೆ ಕೊಟ್ರೆ ಕೆಲವೇ ನಿಮಿಷದಲ್ಲಿ ರಕ್ತದಲ್ಲಿರೋ ಇನ್ಸುಲಿನ್ ಅರ್ಧಕ್ಕೆ ಇಳಿದಿರುತ್ತೆ. ಗ್ಯಾಸ್ ಒಲೆ ನಾಬ್ ತಿರುಗಿಸಿದ ಹಾಗೆ, ಬೇಕಾದಾಗ ಜಾಸ್ತಿ, ಬೇಡ ಅಂದ್ರೆ ಆಫ್. ಜನ ಡ್ರಿಪ್ ಅಂದ್ರೆ ಭಾರೀ ಪವರ್ ಅಂದ್ಕೊಂಡಿದಾರೆ, ಅದರ ನಿಜವಾದ ಗುಣ ಬೇಗ ಮಾಯ ಆಗೋದು.

ಪಕ್ಕದಲ್ಲಿರೋ ಸಿರಿಂಜ್ ಪಂಪ್ ನೋಡಿ. 50 ಎಂಎಲ್ ಸಿರಿಂಜಲ್ಲಿ 50 ಯುನಿಟ್, ಅಂದ್ರೆ ಒಂದು ಎಂಎಲ್‌ಗೆ ಒಂದು ಯುನಿಟ್, ಹಾಗಾಗಿ ಪಂಪಲ್ಲಿ 3 ಅಂತ ಇದ್ರೆ ಗಂಟೆಗೆ 3 ಯುನಿಟ್. ನಮ್ಮಲ್ಲಿ ಇನ್ನೊಂದು ತಲೆನೋವು, ಎಂಎಲ್‌ಗೆ 40 ಯುನಿಟ್ ಇರೋ ಬಾಟಲಿನೂ ಇದೆ 100 ಯುನಿಟ್ ಇರೋ ಬಾಟಲಿನೂ ಇದೆ. ಮೊದಲನೇದ್ರಲ್ಲಿ 50 ಯುನಿಟ್ ಅಂದ್ರೆ 1.25 ಎಂಎಲ್, ಎರಡನೇದ್ರಲ್ಲಿ ಬರೀ 0.5. ಅದಲು ಬದಲಾದ್ರೆ ಎರಡೂವರೆ ಪಟ್ಟು ತಪ್ಪು, ಅದಕ್ಕೇ ಇಬ್ಬರು ನರ್ಸ್‌ಗಳು ಕೂತು ಚೆಕ್ ಮಾಡೋದು. ಇನ್ಸುಲಿನ್ ಪ್ಲಾಸ್ಟಿಕ್ ಟ್ಯೂಬಿಗೂ ಅಂಟ್ಕೊಳ್ಳುತ್ತೆ, ಆದ್ರಿಂದ ಶುರುವಲ್ಲಿ 20 ಎಂಎಲ್‌ನಷ್ಟು ಟ್ಯೂಬಲ್ಲಿ ಹರಿಸಿ ಚೆಲ್ತಾರೆ, ನೋಡ್ದವರಿಗೆ ವೇಸ್ಟ್ ಅನ್ಸುತ್ತೆ.

ಈಗ 160ರ ವಿಷಯ. 2001ರಲ್ಲಿ ಬೆಲ್ಜಿಯಂನ ಲೂವೆನ್‌ನಲ್ಲಿ ಗ್ರೀಟ್ ವಾನ್ ಡೆನ್ ಬರ್ಗೆ ತಂಡ ಸರ್ಜರಿ ಐಸಿಯುನ 1548 ಜನರನ್ನ ನೋಡಿ, ಡ್ರಿಪ್ ಕೊಟ್ಟು ಶುಗರನ್ನ 80ರಿಂದ 110ರೊಳಗೆ ಬಿಗಿಯಾಗಿ ಹಿಡಿದ್ರೆ ಐಸಿಯುನಲ್ಲಿ ಸಾಯೋರು 8ರಿಂದ 4.6 ಪರ್ಸೆಂಟಿಗೆ ಇಳೀತಾರೆ ಅಂತ ತೋರಿಸ್ತು. ಎಲ್ಲಾ ಕಡೆ ಬಿಗಿ ಕಂಟ್ರೋಲ್ ಶುರುವಾಯ್ತು. 2009ರಲ್ಲಿ ಅದಕ್ಕಿಂತ ಎಷ್ಟೋ ದೊಡ್ಡ ನೈಸ್-ಶುಗರ್ ಸ್ಟಡಿ ಬಂತು, ಸುಮಾರು 6100 ಜನ, ಫಲಿತಾಂಶ ಉಲ್ಟಾ. ಬಿಗಿ ಗುಂಪಲ್ಲಿ 90 ದಿನದೊಳಗೆ ತೀರ್ಕೊಂಡೋರು 27.5 ಪರ್ಸೆಂಟ್, 180ರೊಳಗೆ ಇದ್ರೆ ಸಾಕು ಅಂತ ಬಿಟ್ಟ ಗುಂಪಲ್ಲಿ 24.9. ಶುಗರ್ 40 ಅಥವಾ ಅದಕ್ಕಿಂತ ಕೆಳಗೆ ಹೋಗಿದ್ದು ಬಿಗಿ ಗುಂಪಲ್ಲಿ 6.8 ಪರ್ಸೆಂಟ್ ಜನಕ್ಕೆ, ಇನ್ನೊಂದ್ರಲ್ಲಿ ಬರೀ 0.5. ಶುಗರ್ ಹೀಗೆ ಬಿದ್ರೆ ವೆಂಟಿಲೇಟರ್ ಮೇಲೆ ಮಲಗಿರೋ ಮನುಷ್ಯ ಬೆವರ್ತಿದೀನಿ, ಕೈ ನಡುಗ್ತಿದೆ ಅಂತ ಹೇಳೋ ಹಾಗಿಲ್ಲವಲ್ಲ. ಅಲ್ಲಿಂದೀಚೆಗೆ ಹೆಚ್ಚಿನ ಐಸಿಯು ಪೇಷೆಂಟ್‌ಗಳಿಗೆ 180 ದಾಟಿದ್ರೆ ಡ್ರಿಪ್, ಗುರಿ 140ರಿಂದ 180.

ಕೀಟೋಆಸಿಡೋಸಿಸ್, ಅಂದ್ರೆ ಇನ್ಸುಲಿನ್ ಸಾಲದೆ ಮೈ ಕೊಬ್ಬು ಕರಗಿಸಿ ರಕ್ತದಲ್ಲಿ ಕೀಟೋನ್ ಅನ್ನೋ ಆಮ್ಲ ತುಂಬ್ಕೊಳ್ಳೋದು, ಅದು ಆದೋರ ಕಥೆ ಬೇರೆ, ಅಲ್ಲಿ ಮನೆಯವರಿಗೆ ಇನ್ನೂ ಕನ್ಫ್ಯೂಷನ್. ಮೊದಲು ಸಲೈನ್, ಯಾಕಂದ್ರೆ ಮೈಯಲ್ಲಿ ಲೀಟರ್‌ಗಟ್ಟಲೆ ನೀರು ಕಮ್ಮಿಯಾಗಿರುತ್ತೆ. ಇನ್ಸುಲಿನ್ ಗಂಟೆಗೆ ಕೆಜಿಗೆ 0.1 ಯುನಿಟ್, 60 ಕೆಜಿಯವರಿಗೆ 6. ಅದಕ್ಕೂ ಮುಂಚೆ ಪೊಟ್ಯಾಷಿಯಂ ನೋಡ್ಲೇಬೇಕು, ಇನ್ಸುಲಿನ್ ಅದನ್ನ ರಕ್ತದಿಂದ ಜೀವಕೋಶದೊಳಗೆ ತಳ್ಳುತ್ತೆ, ತೀರಾ ಇಳಿದ್ರೆ ಹಾರ್ಟ್‌ಬೀಟ್ ತಪ್ಪುತ್ತೆ. 3.5ಕ್ಕಿಂತ ಕೆಳಗಿದ್ರೆ ಶುಗರ್ 500 ಇದ್ರೂ ಮೊದಲು ಪೊಟ್ಯಾಷಿಯಂ, ಆಮೇಲೆ ಇನ್ಸುಲಿನ್. ಇಷ್ಟೆಲ್ಲಾ ಆಗಿ ಶುಗರ್ 250ಕ್ಕೆ ಬಂತು ಅಂತ ಖುಷಿಪಡೋ ಹೊತ್ತಿಗೆ ನರ್ಸ್ ಬಂದು ಗ್ಲೂಕೋಸ್ ಬಾಟಲಿ ಏರಿಸ್ತಾರೆ! ಜಗಳ ಆಡೋರೂ ಇದಾರೆ. ಶುಗರ್ ಬೇಗ ಇಳಿಯುತ್ತೆ, ಕೀಟೋನ್ ಹೋಗೋಕೆ ಇನ್ನೂ ಹಲವು ಗಂಟೆ ಬೇಕು, ಅದು ಹೋಗೋವರೆಗೂ ಇನ್ಸುಲಿನ್ ನಿಲ್ಲಿಸೋ ಹಾಗಿಲ್ಲ, ಶುಗರ್ ತೀರಾ ಬೀಳದ ಹಾಗೆ ಗ್ಲೂಕೋಸ್ ಜೊತೆಗೆ ಓಡಿಸ್ತಾರೆ. ಹಾಂ, ಆ ಬಾಟಲಿ ಹಾಕಿರೋ ಕೈಯಿಂದ ಟೆಸ್ಟಿಗೆ ರಕ್ತ ತೆಗೀಬಾರದು, ಇಲ್ದಿರೋ ಶುಗರ್ ತೋರ್ಸಿ ಎಲ್ಲರನ್ನೂ ಗಾಬರಿ ಮಾಡುತ್ತೆ.

ಇಷ್ಟು ಬೇಗ ಮಾಯ ಆಗೋ ಔಷಧ ಆದ್ರಿಂದ ಡ್ರಿಪ್ ತೆಗೆಯೋದೂ ಸೂಕ್ಷ್ಮ. ವಾರ್ಡಿಗೆ ಶಿಫ್ಟ್ ಅಂತ ಸಡನ್ನಾಗಿ ಪಂಪ್ ಆಫ್ ಮಾಡಿದ್ರೆ ಸ್ವಲ್ಪ ಹೊತ್ತಲ್ಲೇ ಮೈಯಲ್ಲಿ ಕೊಟ್ಟ ಇನ್ಸುಲಿನ್ ಇರಲ್ಲ, ಮೈಯಲ್ಲೇ ಇನ್ಸುಲಿನ್ ತಯಾರಾಗದ ಟೈಪ್ 1 ಶುಗರ್ ಆಗಿದ್ರೆ ಕೀಟೋನ್ ವಾಪಸ್. ಅದಕ್ಕೇ ದಿನವಿಡೀ ಕೆಲಸ ಮಾಡೋ ಇನ್ಸುಲಿನನ್ನ ಚರ್ಮದ ಕೆಳಗೆ ಕೊಟ್ಟು, ಒಂದೆರಡು ಗಂಟೆ ಡ್ರಿಪ್ಪೂ ಓಡ್ತಾ ಇರೋಕೆ ಬಿಟ್ಟು, ಆಮೇಲೆ ಪಂಪ್ ನಿಲ್ಲಿಸ್ತಾರೆ.